ಒಂದು ಟರ್ಮ್ ಮುಗಿಯಲಿ, ಆಮೇಲೆ ನಿರ್ಧರಿಸಿ

ಮಾಲ್ಡೀವ್ಸ್‌ನ ಪುಟ್ಟ ದ್ವೀಪದಲ್ಲಿ ಗಣಿತ ಕಲಿಸುತ್ತಿರುವ ನಿಮಗೆ ಎರಡೇ ತಿಂಗಳಿಗೆ ಊರು ಸೆಳೆಯುತ್ತಿರುವುದು ಸಹಜ. ಹೆಚ್ಚು ಕಾಡುವುದು ರಜೆಯ ದಿನಗಳು ಎಂದು ಬರೆದಿದ್ದೀರಿ. ಅಲ್ಲಿ ಶುಕ್ರವಾರ, ಶನಿವಾರ ರಜೆ. ಮನೆಯವರಿಗೆ ಭಾನುವಾರ ಬಿಡುವಾದಾಗ ನೀವು ತರಗತಿಯಲ್ಲಿರುತ್ತೀರಿ. ಹಾಗಾಗಿ ಶನಿವಾರ ಸಂಜೆಯನ್ನೇ ಫೋನಿಗೆ ಗೊತ್ತುಮಾಡಿ. ಶುಕ್ರವಾರದ ನಮಾಜಿನ ಹೊತ್ತಿಗೆ ಅಂಗಡಿ ಮುಚ್ಚುವುದರಿಂದ ಸಾಮಾನು ಗುರುವಾರವೇ ತನ್ನಿ. ತಾಜಾ ತರಕಾರಿ ದೋಣಿ ಬಂದಾಗಷ್ಟೇ ಸಿಗುವುದು. ಬೇಳೆ, ಸಾರಿನ ಪುಡಿ ದಾಸ್ತಾನಿರಲಿ.

ಸಂಜೆ ಬಾಗಿಲು ಹಾಕಿಕೊಂಡು ಕೂರಬೇಡಿ. ಮಕ್ಕಳಿಂದ ಅಲ್ಲಿನ ಭಾಷೆ ದಿವೇಹಿಯ ಎರಡು ಮಾತು ದಿನವೂ ಕಲಿತು, ಹೊರಗೆ ಹರಟುವ ನೆರೆಯವರೊಡನೆ ಆಡಿ. ಜೊತೆಗೆ ಒಪ್ಪಂದದಲ್ಲಿರುವ ನೋಟಿಸ್ ಅವಧಿ, ವಾಪಸ್ ಟಿಕೆಟ್ಟಿನ ಷರತ್ತು ಓದಿಟ್ಟುಕೊಳ್ಳಿ. ಟರ್ಮ್ ಮುಗಿದರೂ ಊಟ, ನಿದ್ದೆ ಸರಿಹೋಗದಿದ್ದರೆ ಮರಳಿ ಬರಲು ಸಂಕೋಚ ಬೇಡ.