ಇಪ್ಪತ್ತೆರಡನೇ ವಚನಕ್ಕೆ ಮೊದಲು ಇಪ್ಪತ್ತೊಂದನ್ನು ಓದೋಣ

"ಫಾದರ್, ಮನೆಯಲ್ಲಿ ಒಂದು ಮಾತು ಎದುರಾಡಿದರೆ ಸಾಕು, ನಮ್ಮ ಯಜಮಾನರು ಬೈಬಲ್ ತೋರಿಸುತ್ತಾರೆ. ಹೆಂಡತಿಯಾದವಳು ತಗ್ಗಿ ನಡೆಯಬೇಕು ಅಂತ ಸಂತ ಪೌಲರೇ ಬರೆದಿದ್ದಾರಂತೆ. ಕೈ ಮಾಡಿದ ದಿನವೂ ಅದೇ ಮಾತು. ದೇವರ ವಾಕ್ಯಕ್ಕೆ ನಾನೇನು ಎದುರು ಹೇಳಲಿ?"

ಹೀಗೆ ಕೇಳುವ ತಾಯಂದಿರು ನಮ್ಮ ಧರ್ಮಕೇಂದ್ರಗಳಲ್ಲಿದ್ದಾರೆ. ಕೆಲವರು ಗುರುಗಳ ಬಳಿ ಕೇಳುತ್ತಾರೆ, ಕೆಲವರು ಕನ್ಯಾಸ್ತ್ರೀಯರ ಬಳಿ. ಯಾರ ಬಳಿಯೂ ಕೇಳದೆ ಒಳಗೇ ನುಂಗಿಕೊಳ್ಳುವವರೂ ಇದ್ದಾರೆ. ಅವರ ಪ್ರಶ್ನೆ ಕೇವಲ ಸಂಸಾರದ ಪ್ರಶ್ನೆಯಲ್ಲ. ಎರಡು ಸಾವಿರ ವರ್ಷಗಳ ಹಿಂದೆ ಬರೆದ ಮಾತನ್ನು ಇಂದಿನ ಬದುಕಿನಲ್ಲಿ ಹೇಗೆ ಅರ್ಥಮಾಡಿಕೊಳ್ಳಬೇಕು ಎಂಬ ಪ್ರಶ್ನೆ ಅದು. ಆದುದರಿಂದ ಇಂದು ಎಫೆಸಿಯರಿಗೆ ಬರೆದ ಪತ್ರದ ಐದನೇ ಅಧ್ಯಾಯವನ್ನೇ ಮುಂದಿಟ್ಟುಕೊಂಡು ಸ್ವಲ್ಪ ನಿಧಾನವಾಗಿ ಅಭ್ಯಾಸ ಮಾಡೋಣ.

ಯೇಸುಸ್ವಾಮಿ ತೋರಿದ ಮಾದರಿ

ಮೊದಲಿಗೆ ಒಂದು ಎಚ್ಚರಿಕೆ. ಬೈಬಲಿನ ವಚನವನ್ನು ಬಾಯಿಪಾಠ ಒಪ್ಪಿಸಿದ ಮಾತ್ರಕ್ಕೆ ಅದು ದೇವರ ಮನಸ್ಸಾಗುವುದಿಲ್ಲ. ಅರಣ್ಯದಲ್ಲಿ ಯೇಸುವನ್ನು ಶೋಧಿಸಿದ ಸೈತಾನನೂ ಕೀರ್ತನೆಯ ಮಾತುಗಳನ್ನೇ ಹೇಳಿದ. ಮಾತು ದೇವರದೇ, ಉದ್ದೇಶ ಮಾತ್ರ ದೇವರದಲ್ಲ.

ಮತ್ತಾಯನ ಶುಭಸಂದೇಶದ 19ನೇ ಅಧ್ಯಾಯದಲ್ಲಿ ಇನ್ನೊಂದು ಪ್ರಸಂಗವಿದೆ. ಹೆಂಡತಿಯನ್ನು ಬಿಟ್ಟುಬಿಡಬಹುದೇ ಎಂದು ಕೇಳಿದ ಫರಿಸಾಯರ ಕೈಯಲ್ಲಿ ಮೋಶೆಯ ನಿಯಮವಿತ್ತು. ಯೇಸು ಆ ನಿಯಮವನ್ನು ತಿರಸ್ಕರಿಸಲಿಲ್ಲ. ಅದು ಜನರ ಕಲ್ಲುಮನಸ್ಸನ್ನು ನೋಡಿ ಕೊಟ್ಟದ್ದು ಎಂದು ವಿವರಿಸಿ, ಅವರನ್ನು ಆದಿಕಾಂಡದ ಮೊದಲ ಪುಟಗಳಿಗೆ, ದೇವರ ಮೂಲ ಸಂಕಲ್ಪಕ್ಕೆ ಕರೆದೊಯ್ದರು. ಒಂದು ವಚನವನ್ನು ಒಂಟಿಯಾಗಿ ಹಿಡಿಯದೆ ಇಡೀ ದೈವವಾಕ್ಯದ ಬೆಳಕಿನಲ್ಲಿ ನೋಡಬೇಕೆಂಬ ಪಾಠವನ್ನು ನಾವು ಸ್ವಾಮಿಯಿಂದಲೇ ಕಲಿತಿದ್ದೇವೆ.

ಎರಡನೇ ವ್ಯಾಟಿಕನ್ ಮಹಾಸಭೆ 1965ರ ನವೆಂಬರ್ 18ರಂದು ಹೊರಡಿಸಿದ 'ದೇಯಿ ವೆರ್ಬುಮ್' ಎಂಬ ದೈವೀ ಪ್ರಕಟನೆಯ ಸಂವಿಧಾನವೂ ಇದೇ ದಾರಿಯನ್ನು ತೋರಿಸುತ್ತದೆ. ಬರೆದವರು ತಮ್ಮ ಕಾಲದಲ್ಲಿ, ತಮ್ಮ ರೀತಿಯಲ್ಲಿ ಏನು ಹೇಳಬಯಸಿದರು ಎಂದು ವಿಚಾರಿಸಬೇಕು. ಪವಿತ್ರಗ್ರಂಥವನ್ನು ಒಂದೇ ಗ್ರಂಥವಾಗಿ ಓದಬೇಕು. ಧರ್ಮಸಭೆಯ ಜೀವಂತ ಪರಂಪರೆಯೊಡನೆ ಓದಬೇಕು. ಇದಕ್ಕೆ ವಿರುದ್ಧವಾಗಿ, ಅಕ್ಷರಕ್ಕೆ ಅಂಟಿಕೊಂಡು ಇತಿಹಾಸವನ್ನು ಕಡೆಗಣಿಸುವ ಓದು ಅಪಾಯಕಾರಿ ಎಂದು ಬೈಬಲ್ ಕುರಿತ ಪೋಪರ ಆಯೋಗ 1993ರಲ್ಲಿ ಎಚ್ಚರಿಸಿತು. ಈ ಮೂರು ಮೆಟ್ಟಿಲುಗಳನ್ನು ನಾವೂ ಹತ್ತೋಣ.

ವಚನ ಎಲ್ಲಿಂದ ಆರಂಭವಾಗುತ್ತದೆ?

ಹೆಂಡತಿಯರಿಗೆ ಹೇಳಿದ ಮಾತು 22ನೇ ವಚನದಲ್ಲಿದೆ. ಅದರ ಹಿಂದಿನ 21ನೇ ವಚನ ಯಾರಿಗೆ ಹೇಳಿದ್ದು? ಎಲ್ಲರಿಗೂ. ಕ್ರಿಸ್ತನ ಮೇಲಣ ಭಯಭಕ್ತಿಯಿಂದ ಒಬ್ಬರಿಗೊಬ್ಬರು ತಗ್ಗಿ ನಡೆಯಬೇಕೆಂಬುದು ಅದರ ಸಾರ. ಗಂಡನೂ ಅದರೊಳಗೆ ಬಂದ!

ನಮ್ಮ ಕೈಯಲ್ಲಿರುವ ಅತಿ ಪ್ರಾಚೀನ ಗ್ರೀಕ್ ಹಸ್ತಪ್ರತಿಗಳಲ್ಲಿ ಎರಡನ್ನು ಇಲ್ಲಿ ನೆನೆಯಬೇಕು. ಒಂದು ಕ್ರಿ.ಶ. 200ರ ಆಸುಪಾಸಿನದೆಂದು ಎಣಿಸಲಾಗುವ ಪಪೈರಸ್ ಪ್ರತಿ. ಇನ್ನೊಂದು ವ್ಯಾಟಿಕನ್ ಗ್ರಂಥಾಲಯದಲ್ಲಿರುವ 4ನೇ ಶತಮಾನದ ಪ್ರತಿ. ಇವೆರಡರಲ್ಲೂ 22ನೇ ವಚನಕ್ಕೆ ತನ್ನದೇ ಆದ ಕ್ರಿಯಾಪದವಿಲ್ಲ. ತಗ್ಗಿ ನಡೆಯುವುದು ಎಂಬ ಪದವನ್ನು ಅದು 21ನೇ ವಚನದಿಂದಲೇ ಎರವಲು ಪಡೆಯುತ್ತದೆ. ಅಂದರೆ ಎರಡನ್ನೂ ಬೇರ್ಪಡಿಸಿದರೆ ಎರಡನೆಯದು ನಿಲ್ಲುವುದೇ ಇಲ್ಲ. ಪೌಲರ ಪತ್ರದಲ್ಲಿ ವಚನ ಸಂಖ್ಯೆಗಳೂ ಇರಲಿಲ್ಲ. ಹೊಸ ಒಡಂಬಡಿಕೆಗೆ ಈಗಿನ ಸಂಖ್ಯೆಗಳನ್ನು ಕೊಟ್ಟು 1551ರಲ್ಲಿ ಪ್ರಕಟಿಸಿದವರು ರೊಬೇರ್ ಎಸ್ತಿಯೆನ್ ಎಂಬ ಮುದ್ರಕರು. ಮೂರು ವರ್ಷಕ್ಕೊಮ್ಮೆ ಸಾಧಾರಣ ಕಾಲದ 21ನೇ ಭಾನುವಾರದ ಬಲಿಪೂಜೆಯಲ್ಲಿ ಈ ವಾಚನ ಬಂದಾಗ, ಧರ್ಮಸಭೆ ಅದನ್ನು 21ನೇ ವಚನದಿಂದಲೇ ಆರಂಭಿಸುತ್ತದೆ. ಕಿವಿಗೊಟ್ಟು ಕೇಳಬೇಕಷ್ಟೆ.

ಆ ಕಾಲದ ಮನೆ

ಎಫೆಸ ಪಟ್ಟಣ ರೋಮ್ ಸಾಮ್ರಾಜ್ಯಕ್ಕೆ ಸೇರಿತ್ತು. ಅದರ ಅವಶೇಷಗಳು ಇಂದಿನ ಟರ್ಕಿ ದೇಶದಲ್ಲಿವೆ. ರೋಮಿನ ಕಾನೂನಿನಂತೆ ಮನೆಯ ಯಜಮಾನನ ಅಧಿಕಾರ ಬಹು ದೊಡ್ಡದು. ಅದಕ್ಕೂ ಮೊದಲೇ ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲ್ ಮನೆಯನ್ನು ಮೂರು ಜೋಡಿಗಳಾಗಿ ವಿಂಗಡಿಸಿದ್ದ: ಗಂಡ ಮತ್ತು ಹೆಂಡತಿ, ತಂದೆ ಮತ್ತು ಮಕ್ಕಳು, ಒಡೆಯ ಮತ್ತು ಗುಲಾಮ. ಆಳುವುದು ಹೇಗೆ ಎಂಬುದು ಅವನ ವಿಚಾರ.

ಈ ಪತ್ರವನ್ನು ಪೌಲರೇ ಬರೆದರೋ ಅವರ ಶಿಷ್ಯರೊಬ್ಬರು ಬರೆದರೋ ಎಂಬುದರ ಬಗ್ಗೆ ಪಂಡಿತರಲ್ಲಿ ಚರ್ಚೆಯಿದೆ. ಹೇಗಿದ್ದರೂ ಅದು ನಮಗೆ ದೈವವಾಕ್ಯವೇ. ಪತ್ರವೂ ಅದೇ ಮೂರು ಜೋಡಿಗಳನ್ನು ತೆಗೆದುಕೊಳ್ಳುತ್ತದೆ. ಆದರೆ ಅದು ಹೆಂಡತಿಯರನ್ನೂ ಮಕ್ಕಳನ್ನೂ ಗುಲಾಮರನ್ನೂ ನೇರವಾಗಿ ಮಾತನಾಡಿಸುತ್ತದೆ, ಕ್ರಿಸ್ತನ ಮುಂದೆ ಸ್ವಂತ ಮನಸ್ಸಾಕ್ಷಿ ಇರುವವರನ್ನು ಮಾತನಾಡಿಸುವಂತೆ. ಗಂಡನಿಗಾದರೋ, ಆಳು ಎಂಬ ಅಪ್ಪಣೆ ಎಲ್ಲಿಯೂ ಇಲ್ಲ. ಹೆಂಡತಿಯನ್ನು ತಗ್ಗಿಸು ಎಂದೂ ಇಲ್ಲ. ಪ್ರೀತಿಸು ಎಂದಿದೆ. ಎಷ್ಟು? ಕ್ರಿಸ್ತ ಧರ್ಮಸಭೆಗಾಗಿ ಪ್ರಾಣಕೊಟ್ಟಷ್ಟು.

ಹೆಂಡತಿಯರಿಗೆ ಮೂರು ವಚನಗಳಾದರೆ ಗಂಡಂದಿರ ಪಾಠ 25ರಿಂದ 33ರವರೆಗೆ ಸಾಗುತ್ತದೆ. ಅಲ್ಲಿನ ಚಿತ್ರಗಳನ್ನು ನೋಡಿ: ನೀರಿನಲ್ಲಿ ತೊಳೆಯುವುದು, ಕಲೆ ಸುಕ್ಕು ಇಲ್ಲದಂತೆ ಮಾಡುವುದು, ಉಣಿಸಿ ಸಲಹುವುದು. ಇವೆಲ್ಲ ಕ್ರಿಸ್ತನು ಧರ್ಮಸಭೆಗೆ ಮಾಡಿದ ಉಪಕಾರಗಳು. ತೊಳೆಯುವುದೆಂದರೆ ಇಲ್ಲಿ ಜ್ಞಾನಸ್ನಾನ. ಆದರೂ ಮನೆಯಲ್ಲಿ ದಿನವೂ ಬಟ್ಟೆ ಒಗೆದು ಅಡಿಗೆ ಮಾಡುವ ತಾಯಿಗೆ ಈ ಕೆಲಸಗಳು ಎಷ್ಟು ಪರಿಚಿತ! ಸ್ವಾಮಿ ತಾವೇ ಸೇವಕನ ಸ್ಥಾನದಲ್ಲಿ ನಿಂತಿದ್ದಾರೆ. ಅದು ಗಂಡನಿಗೆ ಕೊಟ್ಟ ಮಾದರಿ. ಇಲ್ಲಿ ಹೊಡೆತಕ್ಕೆ ಜಾಗವೆಲ್ಲಿದೆ?

ಧರ್ಮಸಭೆ ಬೆಳೆಸಿಕೊಂಡ ಅರಿವು

ಅದೇ ಪತ್ರದ ಆರನೇ ಅಧ್ಯಾಯ ಗುಲಾಮರು ಒಡೆಯರಿಗೆ ವಿಧೇಯರಾಗಿರಬೇಕೆನ್ನುತ್ತದೆ. 19ನೇ ಶತಮಾನದ ಅಮೆರಿಕದಲ್ಲಿ ಗುಲಾಮಗಿರಿಯನ್ನು ಸಮರ್ಥಿಸಿದವರು ಇಂತಹ ವಚನಗಳನ್ನೇ ಹಿಡಿದಿದ್ದರು. ಇಂದು ಯಾವ ಕ್ರೈಸ್ತನಾದರೂ ಆ ವಚನ ತೋರಿಸಿ ಮನುಷ್ಯರನ್ನು ಕೊಳ್ಳಬಹುದು ಎಂದಾನೇ? ಇಲ್ಲ. ಹಾಗಾದರೆ ಪಕ್ಕದ ಪುಟದ ಮಾತನ್ನು ಮಾತ್ರ ಹೊಡೆಯುವ ಕೋಲಾಗಿ ಹಿಡಿಯುವುದು ಯಾವ ನ್ಯಾಯ?

ಜಗದ್ಗುರು ಎರಡನೇ ಜಾನ್ ಪೌಲರು 1988ರ ಆಗಸ್ಟ್ 15ರ 'ಮುಲಿಯೆರಿಸ್ ದಿಗ್ನಿತಾತೆಂ' ಪತ್ರದಲ್ಲಿ ಈ ಎರಡನ್ನೂ ಒಟ್ಟಿಗೆ ನೋಡುತ್ತಾರೆ. ದಾಂಪತ್ಯದಲ್ಲಿ ತಗ್ಗುವಿಕೆ ಇಬ್ಬರದೂ ಆಗಬೇಕು, ಅದು ಶುಭಸಂದೇಶ ತಂದ ಹೊಸತನ ಎಂಬುದು ಅವರ ಬೋಧನೆ. ಗುಲಾಮಗಿರಿ ಅಳಿಯಲು ಎಷ್ಟೋ ತಲೆಮಾರುಗಳು ಬೇಕಾದುದನ್ನೂ ಅವರು ಅಲ್ಲಿಯೇ ನೆನಪಿಸುತ್ತಾರೆ. ಜಗದ್ಗುರು ಫ್ರಾನ್ಸಿಸರು 2016ರ 'ಆಮೋರಿಸ್ ಲೆತೀತ್ಸಿಯ'ದಲ್ಲಿ, ಆ ಕಾಲದ ಸಂಸ್ಕೃತಿಯ ಹೊದಿಕೆ ಬೇರೆ, ಅದರೊಳಗಿನ ದೈವಸಂದೇಶ ಬೇರೆ ಎಂದು ತಿಳಿಸಿ, ಮನೆಯೊಳಗಿನ ಹಿಂಸೆಯನ್ನು ಖಂಡಿಸಿದರು.

ಧರ್ಮಸಭೆ ಎಂದೂ ಹೀಗೆಯೇ ಹೇಳುತ್ತಿತ್ತೇ ಎಂದು ಕೇಳಿದರೆ ಪ್ರಾಮಾಣಿಕವಾಗಿ ಉತ್ತರಿಸಬೇಕು. 1930ರಲ್ಲಿ ಜಗದ್ಗುರು ಹನ್ನೊಂದನೇ ಪಿಯುಸರು ಗಂಡನ ಹಿರಿತನವನ್ನೂ ಹೆಂಡತಿಯ ವಿಧೇಯತೆಯನ್ನೂ ಒತ್ತಿ ಹೇಳಿದ್ದರು. ಆಗಲೂ ಆಕೆಯ ಘನತೆಗೆ ಸಲ್ಲದ ಮಾತಿಗೆ ತಲೆಬಾಗಬೇಕಿಲ್ಲ ಎಂದಿದ್ದರು. ವಾಕ್ಯ ಬದಲಾಗಲಿಲ್ಲ, ಪವಿತ್ರಾತ್ಮರ ನೆರವಿನಿಂದ ಅದರ ಅರಿವು ಆಳವಾಯಿತು.

ಇದು ಸುಲಭದ ಅರ್ಥವೇ?

"ಕಾಲಕ್ಕೆ ತಕ್ಕಂತೆ ಬೈಬಲನ್ನು ಸಡಿಲ ಮಾಡಿದಿರಿ" ಎಂದು ಕೆಲವರು ಹೇಳಬಹುದು. ನಿಜವಾಗಿ ಇದು ಇನ್ನೂ ಕಠಿಣವಾದ ಓದು. ಹೆಂಡತಿಯಿಂದ ವಿಧೇಯತೆ ಕೇಳುವುದು ಸುಲಭ. ಅವಳಿಗಾಗಿ ಶಿಲುಬೆ ಹೊರುವುದು ಕಷ್ಟ. ಸಂಬಳವನ್ನು ಮನೆಗೆ ತರುವುದು, ಕುಡಿತ ಬಿಡುವುದು, ತಪ್ಪಾಯಿತು ಎಂದು ಮೊದಲು ಬಾಯಿಬಿಟ್ಟು ಹೇಳುವುದು, ಮನೆಯ ತೀರ್ಮಾನಗಳಲ್ಲಿ ಅವಳ ಮಾತನ್ನು ಕೇಳುವುದು: ಇವೇ 25ನೇ ವಚನದ ದಿನನಿತ್ಯದ ರೂಪಗಳು.

ಹೊಡೆತ ತಿನ್ನುವ ಸಹೋದರಿಗೆ ನಾವು ಒಮ್ಮೊಮ್ಮೆ, "ನಿನ್ನ ಶಿಲುಬೆ ಹೊತ್ತುಕೋ ಅಮ್ಮಾ, ಪ್ರಾರ್ಥನೆ ಮಾಡು" ಎಂದಷ್ಟೇ ಹೇಳಿ ಕಳುಹಿಸಿಬಿಡುತ್ತೇವೆ. ಅದು ಸಾಲದು. 1983ರ ಧರ್ಮಸಭೆಯ ಕಾನೂನು ಸಂಹಿತೆಯ 1153ನೇ ನಿಯಮದ ಪ್ರಕಾರ, ಸಂಗಾತಿಯಿಂದ ತನಗಾಗಲಿ ಮಕ್ಕಳಿಗಾಗಲಿ ದೇಹಕ್ಕೆ ಅಥವಾ ಆತ್ಮಕ್ಕೆ ಗಂಭೀರ ಅಪಾಯವಿದ್ದರೆ ಬೇರೆ ವಾಸಿಸಲು ನ್ಯಾಯವಾದ ಕಾರಣವಿದೆ. ಇದಕ್ಕೆ ಧರ್ಮಾಧ್ಯಕ್ಷರ ಅನುಮತಿ ಪಡೆಯಬೇಕು; ತಡಮಾಡಿದರೆ ಅಪಾಯ ಎಂಬ ಸ್ಥಿತಿಯಲ್ಲಿ ತಾನಾಗಿಯೇ ಹೊರಡಬಹುದು. ಇದರಿಂದ ವಿವಾಹಬಂಧನ ಮುರಿಯುವುದಿಲ್ಲ. ಕಾರಣ ನಿವಾರಣೆಯಾದಾಗ ಮತ್ತೆ ಕೂಡಿ ಬಾಳಬೇಕೆಂಬುದು ಸಾಮಾನ್ಯ ನಿಯಮ. ನಮ್ಮ ದೇಶದಲ್ಲಿ 2005ರ ಕೌಟುಂಬಿಕ ಹಿಂಸಾಚಾರದಿಂದ ಮಹಿಳೆಯರ ರಕ್ಷಣೆ ಕಾಯಿದೆಯೂ ಅವಳ ಬೆನ್ನಿಗಿದೆ. ಕ್ಷಮಿಸುವುದು ಕ್ರೈಸ್ತ ಧರ್ಮ. ಆದರೆ ಕ್ಷಮಿಸಿದವಳು ಮತ್ತೆ ಪೆಟ್ಟಿಗೆ ಮೈಯೊಡ್ಡಬೇಕು ಎಂದು ಸ್ವಾಮಿ ಕೇಳುವುದಿಲ್ಲ.

ಮೊದಲು ಕೇಳಿದ ಆ ತಾಯಿಗೆ ನಮ್ಮ ಉತ್ತರ ಇಷ್ಟೇ: ಅಮ್ಮಾ, ದೇವರ ವಾಕ್ಯಕ್ಕೆ ನೀವು ಎದುರು ಹೇಳಬೇಕಾಗಿಲ್ಲ. ಅದು ನಿಮ್ಮ ವಿರುದ್ಧ ಇಲ್ಲ. ಪುಸ್ತಕವನ್ನು ಮುಚ್ಚಬೇಡಿ, ಒಂದು ವಚನ ಹಿಂದಕ್ಕೆ, ಹತ್ತು ವಚನ ಮುಂದಕ್ಕೆ ಓದಿಸಿ.

ಕುಟುಂಬದಲ್ಲಿ ಚಿಂತನೆಗೆ

ಈ ವಾರ ಒಂದು ಸಂಜೆ ಜಪಸರವಾದ ಮೇಲೆ ಎಫೆಸಿಯರಿಗೆ ಬರೆದ ಪತ್ರ 5:21-33ನ್ನು ಓದಿರಿ. 21ನೇ ವಚನವನ್ನು ಎಲ್ಲರೂ ಒಟ್ಟಾಗಿ ಓದಲಿ. 25ರಿಂದ ಮುಂದಿನದನ್ನು ಮನೆಯ ಯಜಮಾನರೇ ಗಟ್ಟಿಯಾಗಿ ಓದಲಿ. ನಂತರ ಮಾತನಾಡಿಕೊಳ್ಳಿ:

1. ನಾನು ಬೈಬಲ್ ವಚನವನ್ನು ನನ್ನನ್ನು ತಿದ್ದಿಕೊಳ್ಳಲು ಬಳಸುತ್ತೇನೆಯೇ, ಇನ್ನೊಬ್ಬರ ಬಾಯಿ ಮುಚ್ಚಿಸಲೇ?

2. ನಮ್ಮ ಮನೆಯಲ್ಲಿ ಯಾವಾಗಲೂ ಒಬ್ಬರೇ ತಗ್ಗುತ್ತಿದ್ದಾರೆಯೇ? ಅವರು ಯಾರು?

3. ನೆರೆಮನೆಯಲ್ಲಿ ಅಳು ಕೇಳಿದಾಗ ನಾವು ಬಾಗಿಲು ಮುಚ್ಚಿಕೊಳ್ಳುತ್ತೇವೆಯೇ, ತಟ್ಟುತ್ತೇವೆಯೇ?