ಕಡಿಮೆ ಉಂಡರೆ ನೆನಪು ಉಳಿದೀತೇ?

ಕಳೆದ ವರ್ಷ ಒಂದು ಮಧ್ಯಾಹ್ನ ನಿವೃತ್ತ ಶಾಲಾ ಮಾಸ್ತರರೊಬ್ಬರನ್ನು ಅವರ ಸೊಸೆ ಆಟೋದಲ್ಲಿ ನನ್ನ ಕ್ಲಿನಿಕ್ಕಿಗೆ ಕರೆತಂದರು. ವಯಸ್ಸು 71. ಮೈಯೆಲ್ಲ ಬೆವರು, ಕೈ ನಡುಕ, ಮಾತು ತೊದಲು. ಪಕ್ಕದಲ್ಲಿದ್ದ ಸೊಸೆಯನ್ನೇ "ನೀನು ಯಾರಮ್ಮ?" ಎಂದು ಕೇಳುತ್ತಿದ್ದರು. ಪರೀಕ್ಷಿಸಿದರೆ ರಕ್ತದ ಸಕ್ಕರೆ 48 ಮಿ.ಗ್ರಾಂಗೆ ಇಳಿದಿತ್ತು. ರಕ್ತನಾಳದ ಮೂಲಕ ಗ್ಲೂಕೋಸ್ ಕೊಟ್ಟ ಮೇಲೆ ಚೇತರಿಸಿಕೊಂಡರು. ಮತ್ತೆ ಇಳಿಯಬಹುದೆಂದು ಒಂದು ರಾತ್ರಿ ಆಸ್ಪತ್ರೆಯಲ್ಲಿ ಇರಿಸಬೇಕಾಯಿತು.

ಮರುದಿನ ವಿಷಯ ಹೊರಬಂತು. "ಡಾಕ್ಟ್ರೇ, ಮರೆವು ಜಾಸ್ತಿಯಾಗಿದೆ. ಕಡಿಮೆ ತಿಂದರೆ ಮಿದುಳು ಚುರುಕಾಗುತ್ತೆ ಅಂತ ಓದಿದ್ದೆ. ಎರಡು ತಿಂಗಳಿಂದ ಒಪ್ಪೊತ್ತು ಊಟ" ಎಂದರು. ಅವರು ಊಟ ಬಿಟ್ಟಿದ್ದರು. ಸಕ್ಕರೆ ಕಾಯಿಲೆಯ ಮಾತ್ರೆ ಬಿಟ್ಟಿರಲಿಲ್ಲ!

ಮೇಷ್ಟ್ರು ಓದಿದ್ದು ಸುಳ್ಳಲ್ಲ, ಆದರೆ ಅರ್ಧ ಸತ್ಯ. ಉಳಿದ ಅರ್ಧವನ್ನೂ ತಿಳಿದುಕೊಳ್ಳೋಣ.

ಮಿದುಳಿನ ಹಸಿವು

ಮಿದುಳಿನ ತೂಕ ಸುಮಾರು 1,400 ಗ್ರಾಂ. ಅಂದರೆ ದೇಹದ ತೂಕದ ಶೇ. 2ರಷ್ಟು ಮಾತ್ರ. ಆದರೆ ನಾವು ಸುಮ್ಮನೆ ಕುಳಿತಿದ್ದಾಗಲೂ ದೇಹ ಬಳಸುವ ಶಕ್ತಿಯ ಐದನೇ ಒಂದು ಪಾಲು ಅದಕ್ಕೇ ಬೇಕು. ಅದರ ಮುಖ್ಯ ಇಂಧನ ಗ್ಲೂಕೋಸ್. ರಕ್ತದಲ್ಲಿ ಅದು ತೀರಾ ಇಳಿದರೆ ಬುದ್ಧಿ ಮಂಕಾಗುತ್ತದೆ.

ಹಾಗೆಂದು ಹೆಚ್ಚು ತಿಂದರೆ ಮಿದುಳಿಗೆ ಹೆಚ್ಚಿನ ಪೋಷಣೆ ದೊರೆಯುವುದಿಲ್ಲ. ಮಿಕ್ಕ ಕ್ಯಾಲರಿ ಕೊಬ್ಬಾಗಿ ಸೊಂಟದ ಸುತ್ತ ಸೇರುತ್ತದೆ. ಕ್ರಮೇಣ ಇನ್ಸುಲಿನ್ನಿನ ಪ್ರಭಾವ ಕುಗ್ಗುತ್ತದೆ, ರಕ್ತದೊತ್ತಡ ಏರುತ್ತದೆ, ಮಿದುಳಿನ ಸೂಕ್ಷ್ಮ ರಕ್ತನಾಳಗಳು ಕೆಡುತ್ತವೆ. ನಡುವಯಸ್ಸಿನ ಬೊಜ್ಜು, ಸಕ್ಕರೆ ಕಾಯಿಲೆ ಮತ್ತು ಅಧಿಕ ರಕ್ತದೊತ್ತಡ ಮುಪ್ಪಿನಲ್ಲಿ ಮರೆಗುಳಿ ರೋಗ ಬರುವ ಸಂಭವವನ್ನು ಹೆಚ್ಚಿಸುತ್ತವೆ.

ಇಲಿ, ಕೋತಿ, ಮನುಷ್ಯ

ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಕ್ಲೈವ್ ಮೆಕೇ 1935ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಇಲಿಗಳಿಗೆ ಕ್ಯಾಲರಿ ಮಾತ್ರ ಕಡಿಮೆ ಮಾಡಿ, ಜೀವಸತ್ವ ಮತ್ತು ಖನಿಜಗಳನ್ನು ಸಾಕಷ್ಟು ಕೊಟ್ಟಾಗ ಅವು ಹೆಚ್ಚು ಕಾಲ ಬದುಕಿದವು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದವರು ಕೋತಿಗಳಿಗೆ ಶೇ. 30ರಷ್ಟು ಕ್ಯಾಲರಿ ಇಳಿಸಿ ಸುಮಾರು 20 ವರ್ಷ ಗಮನಿಸಿದರು. ಅವುಗಳ ಮಿದುಳಿನ ಕೆಲವು ಭಾಗಗಳು ಕಡಿಮೆ ಸವೆದಿದ್ದುದು 2009ರಲ್ಲಿ ವರದಿಯಾಯಿತು. ಆದರೆ ಲೆಮೂರ್ ಎಂಬ ಪುಟ್ಟ ಪ್ರಾಣಿಗಳ ಮೇಲೆ ನಡೆದ ಪ್ರಯೋಗ 2018ರಲ್ಲಿ ಬೇರೆಯೇ ಮಾತು ಹೇಳಿತು. ಮಿತಾಹಾರದಿಂದ ಅವುಗಳ ಆಯುಸ್ಸೇನೋ ಹೆಚ್ಚಿತು, ಮಿದುಳಿನ ಬೂದು ಭಾಗ ಮಾತ್ರ ಇನ್ನಷ್ಟು ಬೇಗ ಸವೆಯಿತು.

ಮನುಷ್ಯರ ವಿಷಯವೇನು? ಜರ್ಮನಿಯ ಮ್ಯೂನ್‌ಸ್ಟರ್‌ನಲ್ಲಿ ಸರಾಸರಿ 60 ವರ್ಷದ 50 ಮಂದಿಯನ್ನು ಮೂರು ಗುಂಪು ಮಾಡಿ, ಒಂದು ಗುಂಪಿಗೆ ಮೂರು ತಿಂಗಳು ಕ್ಯಾಲರಿ ಇಳಿಸಲು ಹೇಳಲಾಯಿತು. ಪದಗಳನ್ನು ನೆನಪಿಟ್ಟು ಹೇಳುವ ಪರೀಕ್ಷೆಯಲ್ಲಿ ಆ ಗುಂಪಿನ ಅಂಕ ಸುಮಾರು ಶೇ. 20ರಷ್ಟು ಏರಿತೆಂದು 2009ರಲ್ಲಿ ಪ್ರಕಟವಾಯಿತು. ರಕ್ತದ ಇನ್ಸುಲಿನ್ ಇಳಿದವರಲ್ಲಿ ಲಾಭ ಹೆಚ್ಚು ಕಂಡಿತು. ಒಂದು ಮಾತು ನೆನಪಿರಲಿ: ಅವರಲ್ಲಿ ಹೆಚ್ಚಿನವರು ತೂಕ ಜಾಸ್ತಿ ಇದ್ದವರು.

2023ರಲ್ಲಿ ಅಮೆರಿಕದ ಇನ್ನೊಂದು ಅಧ್ಯಯನದ ಫಲಿತಾಂಶ ಬಂತು. 65 ದಾಟಿದ, ತೂಕ ಹೆಚ್ಚಿದ್ದ 604 ಮಂದಿ ಮೂರು ವರ್ಷ ಪಾಲ್ಗೊಂಡಿದ್ದರು. ಒಂದು ಗುಂಪು ಸೊಪ್ಪು, ಕಾಳು, ಹಣ್ಣುಗಳ ವಿಶೇಷ ಪಥ್ಯ ಮಾಡಿತು. ಇನ್ನೊಂದು ಗುಂಪು ಎಂದಿನ ಊಟವನ್ನೇ ಉಂಡಿತು. ದಿನಕ್ಕೆ 250 ಕ್ಯಾಲರಿ ಇಳಿಸಬೇಕೆಂಬ ಸಲಹೆ ಮಾತ್ರ ಇಬ್ಬರಿಗೂ ಇತ್ತು. ಎರಡೂ ಗುಂಪಿನವರ ತೂಕ ಇಳಿಯಿತು, ಪರೀಕ್ಷೆಯ ಅಂಕಗಳು ಸ್ವಲ್ಪ ಏರಿದವು. ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಒಂದೇ ಬಗೆಯ ಪರೀಕ್ಷೆಯನ್ನು ಮತ್ತೆ ಮತ್ತೆ ಎದುರಿಸಿದರೂ ಅಂಕ ಏರುವುದುಂಟು. ಆದ್ದರಿಂದ ಹಸಿದಿದ್ದರೆ ಮರೆವು ವಾಸಿಯಾಗುತ್ತದೆ ಎಂದು ಯಾವ ವೈದ್ಯರೂ ಭರವಸೆ ಕೊಡುವಂತಿಲ್ಲ.

ಹೇಗೆ ಇಳಿಸಬೇಕು?

ಸೊಂಟ ದಪ್ಪಗಾಗಿರುವ ನಡುವಯಸ್ಸಿನವರು ಖಂಡಿತ ಇಳಿಸಬೇಕು. ಆದರೆ ಇಳಿಸಬೇಕಾದದ್ದು ಕ್ಯಾಲರಿಯನ್ನು, ಪೋಷಣೆಯನ್ನಲ್ಲ.

ಒಂದು ಟೀ ಚಮಚ ಸಕ್ಕರೆಯಲ್ಲಿ 20 ಕ್ಯಾಲರಿ. ದಿನಕ್ಕೆ ನಾಲ್ಕು ಲೋಟ ಕಾಫಿಗೆ ಎರಡೆರಡು ಚಮಚ ಹಾಕಿದರೆ 160 ಕ್ಯಾಲರಿ ಆಯಿತು. ಒಂದು ಟೀ ಚಮಚ ಎಣ್ಣೆಯಲ್ಲಿ 45. ಕಾಫಿಯ ಸಕ್ಕರೆ ಬಿಟ್ಟು, ಎರಡು ಚಮಚ ಎಣ್ಣೆ ಉಳಿಸಿದರೆ ದಿನಕ್ಕೆ 250 ಕ್ಯಾಲರಿ ಇಳಿಯುತ್ತದೆ. ಒಂದು ಹೊತ್ತಿನ ಊಟವನ್ನೂ ಬಿಡಬೇಕಾಗಿಲ್ಲ!

ಅನ್ನ ಅಥವಾ ಮುದ್ದೆಯನ್ನು ಸ್ವಲ್ಪ ಕಡಿಮೆ ಮಾಡಿ, ಆ ಜಾಗಕ್ಕೆ ಪಲ್ಯ, ಸೊಪ್ಪು, ಕಾಳು ಬರಲಿ. ಬೇಳೆ, ಮೊಸರು, ತಿನ್ನುವವರಿಗೆ ಮೊಟ್ಟೆ, ಮೀನು ಇವುಗಳನ್ನು ಬಿಡಬಾರದು. ವಯಸ್ಸಾದವರಿಗೆ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ ಸುಮಾರು 1 ಗ್ರಾಂ ಪ್ರೋಟೀನ್ ಬೇಕು. ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳಬೇಕು. ಇದರೊಂದಿಗೆ ದಿನವೂ ಅರ್ಧ ಗಂಟೆ ನಡಿಗೆ ಇರಲಿ.

ಯಾರು ಇಳಿಸಬಾರದು?

1. ಈಗಾಗಲೇ ತೆಳ್ಳಗಿರುವ ಹಿರಿಯರು. ಕ್ಯಾಲರಿ ಇಳಿದಾಗ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ. ನಿಶ್ಶಕ್ತಿಯಿಂದ ಬಿದ್ದು ಸೊಂಟದ ಮೂಳೆ ಮುರಿದರೆ ಚೇತರಿಕೆ ಕಷ್ಟ.

2. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು. ವೈದ್ಯರಿಗೆ ತಿಳಿಸದೆ ಊಟ ಬಿಡಬಾರದು. ಔಷಧದ ಪ್ರಮಾಣ ಬದಲಾಗಬೇಕು.

3. ಪ್ರಯತ್ನವಿಲ್ಲದೆ ತೂಕ ಇಳಿಯುತ್ತಿರುವವರು. ಮನೆಯ ಹಿರಿಯರ ಬಟ್ಟೆ ಸಡಿಲವಾಗುತ್ತಿದ್ದರೆ ಸಂತೋಷಪಡಬೇಡಿ, ವೈದ್ಯರಿಗೆ ತೋರಿಸಿ. ಮರೆಗುಳಿ ರೋಗದವರು ಊಟವನ್ನೇ ಮರೆಯುತ್ತಾರೆ.

ಮೇಷ್ಟ್ರ ಮರೆವಿಗೆ ಕಾರಣ ಬೇರೆಯೇ ಇತ್ತು. ಅವರು ಶುದ್ಧ ಸಸ್ಯಾಹಾರಿ, ಹಾಲು ಮೊಸರು ಸೇರದು, ಜೊತೆಗೆ ಹತ್ತು ವರ್ಷದಿಂದ ಮೆಟ್‌ಫಾರ್ಮಿನ್. ಇಂಥವರಲ್ಲಿ ಬಿ-12 ಜೀವಸತ್ವ ಕಡಿಮೆಯಾಗುವುದುಂಟು. ರಕ್ತ ಪರೀಕ್ಷೆಯಲ್ಲಿ ಅದು ಬಹಳ ಕಡಿಮೆ ಎಂದು ಬಂತು. ಚುಚ್ಚುಮದ್ದು ಕೊಟ್ಟು, ಮಾತ್ರೆಗಳನ್ನು ಬದಲಾಯಿಸಿದೆವು. ನಾಲ್ಕು ತಿಂಗಳಲ್ಲಿ ಮರೆವು ಸಾಕಷ್ಟು ತಗ್ಗಿತು. ಈಗ ಮೂರು ಹೊತ್ತೂ ಉಣ್ಣುತ್ತಾರೆ, ಮಿತವಾಗಿ.

ಮನೆಯಲ್ಲಿ ಯಾರಿಗಾದರೂ ಮರೆವು ಹೆಚ್ಚಿದೆ ಎನಿಸಿದರೆ ಪಥ್ಯಕ್ಕಿಂತ ಮೊದಲು ಪರೀಕ್ಷೆ ಮಾಡಿಸಿ. ಬಿ-12 ಕೊರತೆ, ಥೈರಾಯಿಡ್ ತೊಂದರೆ, ಖಿನ್ನತೆ ಇವುಗಳಿಂದ ಬಂದ ಮರೆವನ್ನು ಸಕಾಲದಲ್ಲಿ ಗುರುತಿಸಿದರೆ ಬಹುಮಟ್ಟಿಗೆ ಸರಿಪಡಿಸಬಹುದು. ಊಟ ಬಲ್ಲವನಿಗೆ ರೋಗವಿಲ್ಲ ಎಂದಿದ್ದಾರೆ ಹಿರಿಯರು. ಊಟ ಬಿಟ್ಟವನಿಗೆ ಎಂದಿಲ್ಲ.