ಟೀಚರ್ ಆಗಿದ್ದವರು ರಾಜ್ಯದ ಖಜಾಂಚಿ

ಆನ್ ರಿಚರ್ಡ್ಸ್ ಅವರು 1933ರಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ ಹುಟ್ಟಿದರು. ಮೊದಲು ಶಾಲೆಯಲ್ಲಿ ಟೀಚರ್ ಆಗಿದ್ದರು. ಅಲ್ಲಿ ಆಗ ರಾಜ್ಯದ ಖಜಾಂಚಿಗೂ ಜನರೇ ಓಟು ಹಾಕ್ತಿದ್ರು. 1982ರಲ್ಲಿ ಇವರು ಗೆದ್ದರು. ಇಡೀ ರಾಜ್ಯದ ಚುನಾವಣೆಯಲ್ಲಿ ಅಲ್ಲಿ ಹೆಂಗಸೊಬ್ಬರು ಗೆದ್ದು 50 ವರ್ಷ ಆಗಿತ್ತು.

ಸರ್ಕಾರಕ್ಕೆ ಬಂದ ಚೆಕ್ಕುಗಳನ್ನು ಬೇಗ ಬ್ಯಾಂಕಿಗೆ ಕಟ್ಟುವ ಏರ್ಪಾಡು ಮಾಡಿದರು. ಚೆಕ್ಕು ಮೇಜಿನ ಮೇಲೇ ಬಿದ್ದಿದ್ರೆ ಬಡ್ಡಿ ಎಲ್ಲಿಂದ ಬರುತ್ತೆ? ಶೇಕಡಾ 10ರ ಬಡ್ಡಿಯಾದರೆ ಒಂದು ಕೋಟಿಗೆ ಒಂದೇ ದಿನಕ್ಕೆ ಸುಮಾರು 2,740 ರೂಪಾಯಿ! (ನಾನೇ ಲೆಕ್ಕ ಹಾಕಿ ನೋಡಿದೆ.)

1990ರಲ್ಲಿ ಗವರ್ನರ್ ಚುನಾವಣೆ ಗೆದ್ದರು. ಅಲ್ಲಿ ಗವರ್ನರ್ ಅಂದ್ರೆ ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ, ಆದರೆ ಜನ ನೇರವಾಗಿ ಆರಿಸ್ತಾರೆ. 1994ರಲ್ಲಿ ಜಾರ್ಜ್ ಡಬ್ಲ್ಯು. ಬುಷ್ ಎದುರು ಸೋತರು. 2006ರಲ್ಲಿ ತೀರಿಕೊಂಡರು. ಆ ಖಜಾಂಚಿ ಹುದ್ದೆಯೂ ಈಗಿಲ್ಲ, 1996ರಲ್ಲೇ ರದ್ದಾಯಿತು.